ಮೂರು ಅಡಿ ಕಟ್ಟೆ

ಹೋದ ಚಳಿಗಾಲದಲ್ಲಿ ತವರಿಗೆ ಹೊರಟವಳು ಬೀದರಿನ ಚೌಬಾರದ ಬಳಿ ಆಟೊ ಇಳಿದು ಬಾಳೆಹಣ್ಣು ಕೊಳ್ಳುತ್ತಿದ್ದೆ. ಮಹಾರಾಷ್ಟ್ರದ ನೋಂದಣಿಯ ಕಾರೊಂದು ಪಕ್ಕಕ್ಕೆ ಬಂದು ನಿಂತಿತು. ಗಾಜು ಇಳಿಸಿದ ಹಿರಿಯರು ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ ಕೇಳಿದರು: "ಇಲ್ಲಿ ಹಳೆಯ ಊರು ಇದೆಯಂತಲ್ಲ ತಾಯಿ, ಅದಕ್ಕೆ ಯಾವ ಕಡೆ ಹೋಗಬೇಕು?" ಬೆಳಿಗ್ಗೆಯೇ ಕೋಟೆ ನೋಡಿ ಮುಗಿಸಿದ್ದರು. ಬಹಮನಿ ಮಂತ್ರಿ ಮಹಮೂದ್ ಗವಾನರ ಮದರಸಾದ ಮುಂದೆ ಫೋಟೊ ತೆಗೆಸಿಕೊಂಡಿದ್ದರು. ಮುಂದೆ ಅಷ್ಟೂರಿನಲ್ಲಿರುವ ಬಹಮನಿ ಅರಸರ ಗೋರಿಗಳ ಗುಮ್ಮಟಗಳಿಗೆ ಹೋಗುವವರಿದ್ದರು. ನಡುವೆ ಒಂದು ಗಂಟೆ ಉಳಿದಿತ್ತು. "ಇದೇ ಹಳೆಯ ಊರು," ಎಂದೆ. ಅವರು ಸುತ್ತ ಒಮ್ಮೆ ನೋಡಿದರು. ನಾನೂ ಅವರ ಕಣ್ಣಿನಿಂದ ನೋಡಿದೆ. ಮೊಬೈಲ್ ರಿಪೇರಿ ಅಂಗಡಿಗಳ ಬೋರ್ಡುಗಳು, ತಲೆಯ ಮೇಲೆ ಗಂಟುಬಿದ್ದ ತಂತಿಗಳು, ಮುಚ್ಚಿದ ಶಟರುಗಳು, ಅವುಗಳ ಮುಂದೆ ಸಾಲಾಗಿ ನಿಂತ ಮೋಟಾರು ಸೈಕಲ್ಲುಗಳು. ನಡುವೆ ಎಪ್ಪತ್ತು ಅಡಿಗೂ ಎತ್ತರದ ಚೌಬಾರ, ತನ್ನ ನೆತ್ತಿಯ ಗಡಿಯಾರ ಹೊತ್ತು ನಿಂತಿದೆ. ಹಿರಿಯರು ಕೈಮುಗಿದು ಅಷ್ಟೂರಿನ ದಾರಿ ಕೇಳಿದರು. ಹೇಳಿದೆ. ಕಾರು ಹೋಯಿತು.

ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ಆ ಪ್ರಶ್ನೆ ಆ ದಿನದಿಂದ ನನ್ನನ್ನು ಬಿಟ್ಟಿಲ್ಲ. ಊರಿನ ನಟ್ಟನಡುವೆ ನಿಂತವರಿಗೆ ಊರು ಕಾಣದೆ ಹೋದದ್ದು ಹೇಗೆ? ಚೌಬಾರದಿಂದ ಮದರಸಾ ನಡೆದು ಹೋಗುವಷ್ಟು ಹತ್ತಿರ. ಅಲ್ಲಿಂದ ಕೋಟೆಯ ಬಾಗಿಲೂ ದೂರವಿಲ್ಲ. ಈ ದಾರಿಯ ಎರಡೂ ಬದಿಯ ಓಣಿಗಳಲ್ಲಿ ಜನ ಆರುನೂರು ವರ್ಷ ಬಾಳಿದ್ದಾರೆ. ಬಹಮನಿ ಅರಸರು ಕಲಬುರಗಿ ಬಿಟ್ಟು ಇಲ್ಲಿಗೆ ಬಂದ ಕಾಲದಿಂದ ಬರೀದ್‌ಶಾಹಿ, ಆದಿಲ್‌ಶಾಹಿ, ಮೊಗಲರು, ನಿಜಾಮರು ಎಲ್ಲರೂ ಈ ದಾರಿಯಲ್ಲೇ ಹಾದುಹೋದರು. ಹೊಸ ಆಡಳಿತ ಬಂದಾಗಲೆಲ್ಲ ಓಣಿಯವರು ಬಾಗಿಲು ಹಾಕಿಕೊಂಡು, ಗಲಾಟೆ ಇಳಿದ ಮೇಲೆ ಮತ್ತೆ ತೆರೆದಿದ್ದಾರೆ. ಹಾಗೆ ಉಳಿದುಬಂದ ಓಣಿಗಳು ನನ್ನ ಕಣ್ಣೆದುರಿಗೇ, ನನ್ನ ಒಂದೇ ಆಯುಷ್ಯದಲ್ಲಿ, ಯಾರಿಗೂ ಕಾಣದಂತಾಗಿವೆ. ಊರನ್ನು ಮತ್ತೆ ಜೀವಂತ ಮಾಡಬೇಕು ಎಂದು ಈಗ ಎಲ್ಲರೂ ಹೇಳುತ್ತಾರೆ. 2017ರಲ್ಲಿ ಕಲಬುರಗಿಗೆ ರೈಲು ಮಾರ್ಗ ತೆರೆದಾಗಲೂ, 2020ರಲ್ಲಿ ಬೆಂಗಳೂರಿನ ಮೊದಲ ವಿಮಾನ ಇಳಿದಾಗಲೂ ಅದೇ ಮಾತು ಕೇಳಿದೆ: ಪ್ರವಾಸಿಗಳು ಬರುತ್ತಾರೆ, ಹಳೆಯ ಊರು ಎದ್ದು ನಿಲ್ಲುತ್ತದೆ. ಪ್ರವಾಸಿಗಳು ಬಂದರು, ಹೋದರು. ಊರು ಕೂತಲ್ಲಿಂದ ಏಳಲಿಲ್ಲ. ಕೂರುವ ಜಾಗವನ್ನೇ ಕಳೆದುಕೊಂಡ ಊರು ಏಳುವುದಾದರೂ ಎಲ್ಲಿಂದ ಎಂದು ನನಗೆ ಅನ್ನಿಸತೊಡಗಿದ್ದು ಆಮೇಲೆ.

ಮನೆಯದೂ ಅಲ್ಲ, ಬೀದಿಯದೂ ಅಲ್ಲ

ನಮ್ಮ ಮನೆಯ ಮುಂದೆ ಒಂದು ಕಟ್ಟೆ ಇತ್ತು. ಮೂರು ಅಡಿ ಅಗಲ, ಮೊಳಕಾಲೆತ್ತರ. ಕೆಳಗೆ ಕೆಂಪು ಜಂಬಿಟ್ಟಿಗೆ ಕಲ್ಲು, ಸಂದಿಗೆ ಸುಣ್ಣದ ಗಚ್ಚು, ಮೇಲೆ ಶಹಾಬಾದಿನ ಪರಸಿ, ಅಂದರೆ ಹಾಸುಗಲ್ಲು. ಜಂಬಿಟ್ಟಿಗೆಯ ಗುಣ ಬೀದರಿನವರಿಗೆ ಗೊತ್ತು. ನೆಲದಿಂದ ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದಷ್ಟೂ ಗಟ್ಟಿಯಾಗುತ್ತದೆ. ಪರಸಿ ಮಾತ್ರ ತಲೆಮಾರುಗಳು ಕೂತು ಕೂತು ಎಣ್ಣೆ ಸವರಿದ ಹಾಗೆ ನುಣ್ಣಗಾಗಿತ್ತು. ಬೇಸಿಗೆಯ ರಾತ್ರಿ ಹತ್ತರವರೆಗೂ ಬಿಸಿಯಾಗಿರುತ್ತಿತ್ತು, ಬೆಳಿಗ್ಗೆ ಐದಕ್ಕೆ ತಣ್ಣಗೆ. ಎದುರು ಮನೆಗೂ ಅಂಥದೇ ಕಟ್ಟೆ. ಅದರ ಪಕ್ಕದ ಮನೆಗೂ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಎರಡೂ ಬದಿ ಕಟ್ಟೆಗಳೇ.

ಬೆಳಗಿನ ಕಟ್ಟೆ ಮುತ್ಯಾನದು, ಅಂದರೆ ನನ್ನ ಅಜ್ಜನದು. ಪೇಪರ್ ಬಂದರೆ ಗಟ್ಟಿಯಾಗಿ ಓದುತ್ತಿದ್ದ, ಓದು ಬಾರದವರು ಸುತ್ತ ಕೂತು ಕೇಳುತ್ತಿದ್ದರು. ಮಧ್ಯಾಹ್ನದ ಕಟ್ಟೆ ಹೆಂಗಸರದು. ಗಂಡಸರು ಕೆಲಸಕ್ಕೆ ಹೋದ ಮೇಲೆ ಆಯಿ ಮೊರದಲ್ಲಿ ತೊಗರಿ ಬೇಳೆ ಹಿಡಿದು ಹೊರಗೆ ಬಂದರೆ, ಪಕ್ಕದ ಮನೆಯವರು ಬೆಳ್ಳುಳ್ಳಿ ಸುಲಿಯಲು ಬರುತ್ತಿದ್ದರು. ಎದುರು ಮನೆಯ ಚಾಚಿ ಹೊರಗೆ ಬರುತ್ತಿರಲಿಲ್ಲ, ಬಾಗಿಲಿನ ಪರದೆಯ ಆಚೆ ಕೂತು ಮಾತು ಸೇರಿಸುತ್ತಿದ್ದರು. ನಡುವೆ ಬರೀ ಹತ್ತು ಅಡಿ ಓಣಿ, ಧ್ವನಿ ಎತ್ತಬೇಕಾಗಿಯೂ ಇರಲಿಲ್ಲ. ಯಾರ ಮಗಳಿಗೆ ವರ ಬಂದಿದೆ, ಯಾರ ಮನೆಯಲ್ಲಿ ಜ್ವರ, ಯಾರು ಎರಡು ದಿನದಿಂದ ಒಲೆ ಹಚ್ಚಿಲ್ಲ, ಎಲ್ಲ ಅಲ್ಲಿ ತಿಳಿಯುತ್ತಿತ್ತು. ಒಲೆ ಹಚ್ಚದ ಮನೆಗೆ ಸಂಜೆಯೊಳಗೆ ನಾಲ್ಕು ರೊಟ್ಟಿ, ಒಂದು ಬಟ್ಟಲು ಪಲ್ಯ ಹೋಗುತ್ತಿತ್ತು. ಯಾರು ಕೊಟ್ಟರು ಎಂದು ಯಾರೂ ಮಾತಾಡುತ್ತಿರಲಿಲ್ಲ.

ಸಂಜೆಯ ಕಟ್ಟೆ ಮಕ್ಕಳದು. ಪರಸಿಯ ಒಂದು ಮೂಲೆಯಲ್ಲಿ ಯಾರೋ ಹಿಂದಿನವರು ಉಳಿಯಿಂದ ಚೌಕಾಬಾರದ ಮನೆ ಕೊರೆದಿದ್ದರು. ಐದು ಸಾಲು, ಐದು ಅಂಕಣ. ಹುಣಸೆ ಬೀಜವನ್ನು ಒಂದು ಬದಿ ತೇದು ಬಿಳಿ ಮಾಡಿಕೊಂಡು ಕವಡೆಯ ಬದಲು ಎಸೆಯುತ್ತಿದ್ದೆವು. ಆಡಿದವರಿಗೆ ಗೊತ್ತು, ಅಡ್ಡಗೆರೆ ಹೊಡೆದ ಮನೆಗೂ ಕಟ್ಟೆ ಎಂದೇ ಹೆಸರು. ಕಟ್ಟೆಯ ಮೇಲಿರುವ ಕಾಯಿಯನ್ನು ಯಾರೂ ಕಡಿಯುವಂತಿಲ್ಲ.

ನನಗೆ ಬಹಳ ಸ್ಪಷ್ಟವಾಗಿ ನೆನಪಿರುವುದು ಒಂದು ಸಂಜೆ. ಎದುರು ಮನೆಯ ಚಾಚಾ ಬಿದ್ರಿ ಕೆಲಸದವರು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಸತುವಿಗೆ ಸ್ವಲ್ಪವೇ ತಾಮ್ರ ಬೆರೆಸಿ ಎರಕ ಹೊಯ್ಯುವುದು, ಅರದಿಂದ ನಯ ಮಾಡುವುದು, ಮೈಲುತುತ್ತ ಉಜ್ಜಿ ಕಪ್ಪು ಮಾಡಿ ಅದರ ಮೇಲೆ ಕಣ್ಣಳತೆಯಲ್ಲೇ ಬಳ್ಳಿ ಬರೆಯುವುದು, ಉಳಿಯಿಂದ ಕೊರೆದು ಬೆಳ್ಳಿಯ ತಂತಿ ಕೂರಿಸಿ ಬಡಿಯುವುದು. ಟುಕ್ ಟುಕ್ ಎನ್ನುವ ಆ ಸದ್ದಿನಲ್ಲೇ ನಾವು ಓದಿ ಬೆಳೆದೆವು. ಆ ಸಂಜೆ ಅವರು ಕೋಟೆಯೊಳಗಿನಿಂದ ತಂದ ಮಣ್ಣಿನ ಎರಡು ಗಂಟುಗಳನ್ನು ನಮ್ಮ ಕಟ್ಟೆಯ ಮೇಲೆ ಬಿಚ್ಚಿದರು. ನೂರಾರು ವರ್ಷ ಬಿಸಿಲು ಮಳೆ ಕಾಣದ ಮೂಲೆಯ ಮಣ್ಣು. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿ ಪಾತ್ರೆ ಅದ್ದಿದರೆ ಲೋಹ ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಯಾವ ಗಂಟಿನ ಮಣ್ಣು ಒಳ್ಳೆಯದು ಎಂದು ಗೊತ್ತಾಗುವುದು ನಾಲಿಗೆಗೆ. ಚಾಚಾ ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಎರಡನೆಯ ಗಂಟಿನದನ್ನೂ ನೋಡಿದರು. ಆಮೇಲೆ ಮುತ್ಯಾನ ಕಡೆ ತಿರುಗಿ, "ನೀವೂ ಒಂದು ಸಲ ನೋಡಿ, ಶರಣರೇ," ಎಂದರು. ಮುತ್ಯಾ ಬಿದ್ರಿಯವನಲ್ಲ, ಧಾನ್ಯದ ದಲಾಲಿ ಮಾಡುತ್ತಿದ್ದವನು. ಆದರೂ ಚಿಟಿಕೆ ತೆಗೆದು ನಾಲಿಗೆಗಿಟ್ಟು, ಬಹಳ ಹೊತ್ತು ಯೋಚಿಸಿ, ಎರಡನೆಯದನ್ನು ತೋರಿಸಿದ. ಚಾಚಾ ತಲೆಯಾಡಿಸಿದರು. ಮೂವತ್ತು ವರ್ಷ ಎದುರುಬದಿರು ಕೂತವರಿಗೆ ಅಷ್ಟು ಕಲಿಕೆ ತಾನಾಗಿಯೇ ಬಂದಿತ್ತು.

ಆ ಕಟ್ಟೆ ಯಾರದು? ಕಟ್ಟಿಸಿದ್ದು ನಮ್ಮ ಹಿರಿಯರು, ಸಾರಿಸುತ್ತಿದ್ದದ್ದು ಆಯಿ. ಆದರೆ ದಾರಿಹೋಕರು ಕೂರಲು ಯಾರನ್ನೂ ಕೇಳುತ್ತಿರಲಿಲ್ಲ. ಹಳ್ಳಿಯಿಂದ ಸಂತೆಗೆ ಬಂದವರು ಗಂಟು ಇಳಿಸಿ ಕೂತರೆ ಆಯಿ ಒಳಗಿನಿಂದ ನೀರು ಕಳಿಸುತ್ತಿದ್ದಳು. ಮನೆಯದೂ ಅಲ್ಲದ, ಬೀದಿಯದೂ ಅಲ್ಲದ ಆ ಮೂರು ಅಡಿಯಲ್ಲಿ ಊರು ಕೂತಿತ್ತು.

ಕೆಂಪು ಗುರುತು

ಅಳತೆಯ ಟೇಪು ಹಿಡಿದವರಿಗೆ ಅಂಥ ಜಾಗಕ್ಕೆ ಒಂದೇ ಪದ ಗೊತ್ತಿತ್ತು: ಒತ್ತುವರಿ. ರಸ್ತೆ ಅಗಲ ಮಾಡುತ್ತಾರಂತೆ ಎಂಬ ಸುದ್ದಿ ಬಹಳ ದಿನದಿಂದ ಇತ್ತು. ಒಂದು ಬೆಳಿಗ್ಗೆ ಬಂದು ಗೋಡೆಗಳ ಮೇಲೆ ಕೆಂಪು ಬಣ್ಣದಿಂದ ಗುರುತು ಹಾಕಿ ಹೋದರು. ಕೆಲವರಿಗೆ ಎರಡು ಅಡಿ, ಕೆಲವರಿಗೆ ಮುಂದಿನ ಕೋಣೆಯೇ. ನಮಗೆ ಕಟ್ಟೆ ಮತ್ತು ಮುಂಬಾಗಿಲಿನ ಮೇಲಿನ ಮರದ ಚಾಚು. ಯಂತ್ರ ಬಂದ ದಿನ ನಾನು ಹೆರಿಗೆಗೆ ತವರಿಗೆ ಬಂದಿದ್ದೆ. ಕಿಟಕಿಯಿಂದ ನೋಡಿದೆ. ಅಷ್ಟು ತಲೆಮಾರು ಕೂತ ಕಟ್ಟೆಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಗಚ್ಚು ಗಟ್ಟಿಯಿತ್ತು, ಕಲ್ಲುಗಳು ಬಿಡಿಬಿಡಿಯಾಗಿ ಬೀಳಲಿಲ್ಲ, ಇಡೀ ಕಟ್ಟೆಯೇ ಒಂದು ಪ್ರಾಣಿಯ ಹಾಗೆ ಮಗ್ಗುಲಾಯಿತು. ಸಂಜೆ ಮುತ್ಯಾ ಪ್ಲಾಸ್ಟಿಕ್ ಕುರ್ಚಿ ಹೊರಗೆ ಹಾಕಿಸಿಕೊಂಡು ಕಟ್ಟೆ ಇದ್ದ ಜಾಗದಲ್ಲೇ ಕೂತ. ಹಾರ್ನ್ ಹೊಡೆಯುತ್ತಾ ಬಂದ ಟೆಂಪೊ ಚಾಲಕ ತಲೆ ಹೊರಗೆ ಹಾಕಿ, "ಒಳಗೆ ಕೂಡಿ ಅಜ್ಜಾರೇ, ಗಾಡಿ ತಾಗುತ್ತದೆ," ಎಂದ. ಅವನ ಮಾತಿನಲ್ಲಿ ಒರಟುತನವೇನೂ ಇರಲಿಲ್ಲ. ಮುತ್ಯಾ ಎದ್ದು ಕುರ್ಚಿಯನ್ನು ತಾನೇ ಎತ್ತಿಕೊಂಡು ಒಳಗೆ ಬಂದ. ಮರುದಿನದಿಂದ ಪೇಪರ್ ಪಡಸಾಲೆಯಲ್ಲಿ, ಮನಸ್ಸಿನಲ್ಲೇ ಓದಿಕೊಳ್ಳತೊಡಗಿದ.

ರಸ್ತೆ ಅಗಲ ಆಗಲೇಬಾರದಿತ್ತು ಎಂದು ನಾನು ಹೇಳುವುದಿಲ್ಲ. ಅದೇ ಓಣಿಯಿಂದ ನನ್ನನ್ನು ಆಸ್ಪತ್ರೆಗೆ ಒಯ್ಯುವಾಗ ಆಂಬುಲೆನ್ಸ್ ಸಲೀಸಾಗಿ ಬಾಗಿಲಿಗೇ ಬಂದು ನಿಂತಿತು. ಮೊದಲಿನ ಓಣಿಯಾಗಿದ್ದರೆ ಮಂಚದ ಮೇಲೆ ಹೊತ್ತು ಚೌಬಾರದವರೆಗೆ ಬರಬೇಕಾಗುತ್ತಿತ್ತು. ನನ್ನ ಸಂಕಟ ಬೇರೆ. ಎಷ್ಟು ಅಡಿ ರಸ್ತೆ ಬೇಕು ಎಂದು ಲೆಕ್ಕ ಹಾಕಿದವರು ಎಷ್ಟು ಅಡಿ ಕಟ್ಟೆ ಬೇಕು ಎಂದು ಲೆಕ್ಕ ಹಾಕಲಿಲ್ಲ. ಗಾಡಿ ಹೋಗುವ ಓಣಿಗಳು ಯಾವುವು, ನಡೆಯುವ ಓಣಿಗಳು ಯಾವುವು ಎಂದು ಬೇರೆ ಮಾಡಲಿಲ್ಲ. ಅಗಲವಾದ ರಸ್ತೆಯ ಅರ್ಧ ಈಗ ನಿಂತ ಬೈಕುಗಳ ಪಾಲಾಗಿದೆ. ಅಂದರೆ ಮನುಷ್ಯರು ಕೂರುತ್ತಿದ್ದ ಜಾಗವನ್ನು ಕಿತ್ತು ಬೈಕುಗಳಿಗೆ ಕೊಟ್ಟೆವು.

ಆಮೇಲೆ ಆದದ್ದೆಲ್ಲ ಒಂದರ ಹಿಂದೆ ಒಂದು. ಕತ್ತರಿಸಿದ ಮನೆಯ ಮುಖಕ್ಕೆ ಶಟರು ಬಂತು, ಏಕೆಂದರೆ ಬಾಡಿಗೆ ಬರುತ್ತದೆ. ಹಿಂದಿನ ಕೋಣೆಗಳಲ್ಲಿ ಬೆಳಕು ಹೋಯಿತು, ಸೊಸೆಯಂದಿರು ಹೊಸ ಬಡಾವಣೆಯಲ್ಲಿ ಮನೆ ಮಾಡೋಣ ಎಂದರು. ಮದುವೆಯಾಗಿ ನಾನು ಹೋದದ್ದೂ ಅಂಥ ಬಡಾವಣೆಗೇ. ಅಲ್ಲಿ ನೀರು ಬರುತ್ತದೆ, ಕಾರು ನಿಲ್ಲುತ್ತದೆ, ನಾನು ಸುಖವಾಗಿಯೇ ಇದ್ದೇನೆ. ಹೋದವರನ್ನು ದೂರುವ ಹಕ್ಕು ನನಗಿಲ್ಲ. ಮದರಸಾದ ಸುತ್ತಮುತ್ತಲಿನವರಿಗೆ ಇನ್ನೊಂದು ಕಷ್ಟವಿತ್ತು. ಸ್ಮಾರಕ ಸಂರಕ್ಷಣೆಯ ಕಾನೂನಿಗೆ ಆದ 2010ರ ತಿದ್ದುಪಡಿಯ ಪ್ರಕಾರ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ ಇನ್ನೂರು ಮೀಟರಿನಲ್ಲಿ ಅನುಮತಿ ಬೇಕು. ಕಾನೂನು ಬೇಕಾದದ್ದೇ, ಅದಿಲ್ಲದಿದ್ದರೆ 1472ರ ಮದರಸಾದ ಆ ಒಂಟಿ ಮಿನಾರದ ಪಕ್ಕ ಇಷ್ಟುಹೊತ್ತಿಗೆ ಆರು ಮಹಡಿಯ ಲಾಡ್ಜ್ ಎದ್ದಿರುತ್ತಿತ್ತು. ಆದರೆ ನೂರು ಮೀಟರಿನೊಳಗೂ ಹಳೆಯ ಮನೆಯನ್ನು ದುರಸ್ತಿ ಮಾಡಿಕೊಳ್ಳಬಹುದು, ಅದಕ್ಕೆ ಅರ್ಜಿ ಹಾಕಬೇಕು ಎಂಬುದನ್ನು ಬಾಗಿಲಿಗೆ ಬಂದು ಹೇಳುವವರು ಬೇಕು. ನನಗೆ ಗೊತ್ತಿದ್ದ ಒಂದು ಮನೆಯವರು ಮುಟ್ಟಿದರೆ ಕೇಸು ಬೀಳುತ್ತದೆ ಎಂದು ಹೆದರಿ ಮೂರು ಮಳೆಗಾಲ ಸೋರುವ ಮಾಳಿಗೆಯ ಕೆಳಗೆ ಪಾತ್ರೆ ಇಟ್ಟರು. ನಾಲ್ಕನೆಯ ಮಳೆಗೆ ಜಂತಿ ಮುರಿಯಿತು.

ಬಾವಿಗೆ ಇಳಿದ ಬೇಸಿಗೆ

ಓಣಿಯ ಕೊನೆಯಲ್ಲಿ ಒಂದು ಚೌಕ ಬಾವಿ. ನಲ್ಲಿ ಬರುವವರೆಗೆ ಇಡೀ ಓಣಿ ಅಲ್ಲಿಂದಲೇ ನೀರು ಸೇದುತ್ತಿತ್ತು. ನಲ್ಲಿ ಬಂದ ಮೇಲೆ ಹೋಗುವವರು ಕಡಿಮೆಯಾದರು, ಆದರೂ ಕಟ್ಟೆಗಳ ಮೇಲೆ ಕೂತವರ ಕಣ್ಣು ಅದರ ಮೇಲಿತ್ತು. ಕಸ ಹಾಕಲು ಬಂದವರನ್ನು ಯಾರಾದರೂ ಹೆಸರು ಹಿಡಿದು ಕೂಗುತ್ತಿದ್ದರು. ಕಟ್ಟೆ ಹೋಯಿತು, ಕಣ್ಣೂ ಹೋಯಿತು. ಕೆಲವೇ ವರ್ಷಗಳಲ್ಲಿ ಬಾವಿ ಕಸದ ಗುಂಡಿಯಾಯಿತು.

2016ರ ಬೇಸಿಗೆಯನ್ನು ನಮ್ಮ ಭಾಗದವರು ಮರೆಯುವುದಿಲ್ಲ. ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತಂದರು. ಬೀದರಿನಲ್ಲೂ ಟ್ಯಾಂಕರಿನ ಹಿಂದೆ ಕೊಡಗಳ ಸಾಲು. ಆಗ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಅವರು ಹಳೆಯ ಕೆರೆ ಬಾವಿಗಳ ಹೂಳು ತೆಗೆಸುವ ಕೆಲಸಕ್ಕೆ ಕೈಹಾಕಿದರು. ಜಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ತೆರೆದ ಬಾವಿಗಳು ಮತ್ತೆ ಬಾಯಿ ತೆರೆದವು. ಮರುವರ್ಷವೇ ಅವರು ತೀರಿಹೋದ ಸುದ್ದಿ ಬಂದಾಗ ಅನೇಕ ಮನೆಗಳಲ್ಲಿ ಕಣ್ಣೀರು ಹಾಕಿದ್ದನ್ನು ಕಂಡಿದ್ದೇನೆ. ಅದಕ್ಕೂ ಮೊದಲೇ ನೌಬಾದಿನ ಸುರಂಗ ಬಾವಿಯ ಶೋಧ, ಸ್ವಚ್ಛತೆ ನಡೆದಿತ್ತು. ನೆಲದಡಿ ಎರಡು ಕಿಲೊಮೀಟರಿಗೂ ಹೆಚ್ಚು ದೂರ ಕೊರೆದ ಕಾಲುವೆ, ನಡುನಡುವೆ ಬೆಳಕು ಗಾಳಿಗೆ ಬಾವಿಗಳು. ಆ ಹಳಬರ ಲೆಕ್ಕ ಸರಳವಾಗಿತ್ತು: ಜಂಬಿಟ್ಟಿಗೆ ಮಳೆಯನ್ನು ಹೀರಿ ಕೆಳಗಿಳಿಸುತ್ತದೆ, ಅದರಡಿಯ ಕರಿಗಲ್ಲು ನೀರನ್ನು ತಡೆಯುತ್ತದೆ, ಎರಡೂ ಕೂಡುವಲ್ಲಿ ನೀರು ಹರಿಯುತ್ತದೆ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿನ ಈ ಒಣ ದಿಬ್ಬದ ಮೇಲೆ ರಾಜಧಾನಿ ಬದುಕಿದ್ದು ಆ ಲೆಕ್ಕದಿಂದ.

ನಮ್ಮ ಓಣಿಯ ಕೆಲಸಕ್ಕೆ ಯಾವ ಉದ್ಘಾಟನೆಯೂ ಆಗಲಿಲ್ಲ. ಟ್ಯಾಂಕರಿನ ಸಾಲಿನಲ್ಲಿ ಎರಡು ಗಂಟೆ ನಿಂತ ನನ್ನ ತಮ್ಮ, "ನಮ್ಮ ಬಾವಿಯನ್ನೇ ಒಂದು ಸಲ ನೋಡಬಾರದೇಕೆ?" ಎಂದ. ಚಾಚಾ, ಆಗಲೇ ಎಪ್ಪತ್ತು ದಾಟಿದ್ದವರು, "ನೋಡುವುದೇನು, ಇಳಿಯಬೇಕು ಬೇಟಾ," ಎಂದರಂತೆ. ಮೊದಲ ಭಾನುವಾರ ಬಂದವರು ಏಳು ಜನ. ಓಣಿಯಲ್ಲಿ ಮನೆಗಳು ಇಪ್ಪತ್ತಾರು. ಬಾವಿ ಕೆಲಸ ಬಲ್ಲ ಇಬ್ಬರನ್ನು ಕೂಲಿ ಕೊಟ್ಟು ಕರೆಸಿದರು. ಅವರು ಬಂದವರೇ ಯಾರನ್ನೂ ಇಳಿಯಗೊಡದೆ ಹಗ್ಗಕ್ಕೆ ಉರಿಯುವ ಕಂದೀಲು ಕಟ್ಟಿ ಕೆಳಗೆ ಬಿಟ್ಟರು. ಅದು ಅರ್ಧ ದಾರಿಯಲ್ಲೇ ಆರಿತು. ಒಳಗೆ ಕೆಟ್ಟ ಗಾಳಿ. ಆ ಭಾನುವಾರವಿಡೀ ಎಲೆಗೊಂಚಲು ಕಟ್ಟಿದ ಹಗ್ಗವನ್ನು ಏರಿಸಿ ಇಳಿಸಿ ಗಾಳಿ ಆಡಿಸುವುದರಲ್ಲೇ ಕಳೆಯಿತು. ಕೆಲಸ ಆಗದೆ ಹೋದ ಆ ದಿನವೇ ಕೆಲಸ ಗೆದ್ದಿತು ಎಂದು ನನಗೆ ಈಗ ಅನ್ನಿಸುತ್ತದೆ. ಏಳು ಜನ ಸುಮ್ಮನೆ ಬಾವಿಯ ಸುತ್ತ ನಿಂತಿದ್ದನ್ನು ಕಂಡು ಏನಾಯಿತೋ ಎಂದು ಜನ ಮನೆಯಿಂದ ಹೊರಗೆ ಬಂದರು. ಯಾರೋ ಚಹಾ ತಂದರು. ಯಾರೋ ಚಾಪೆ ತಂದು ಹಾಸಿದರು. ಎಷ್ಟೋ ವರ್ಷಗಳ ನಂತರ ಓಣಿ ಹೊರಗೆ ಕೂತಿತ್ತು. ಮುಂದಿನ ಭಾನುವಾರ ಇಪ್ಪತ್ತು ಜನ.

ನಾನು ಮಗನನ್ನು ಕರೆದುಕೊಂಡು ಪ್ರತಿ ಭಾನುವಾರ ಹೋಗುತ್ತಿದ್ದೆ. ಹೆಂಗಸರು ಸಾಲಾಗಿ ನಿಂತು ಬುಟ್ಟಿ ದಾಟಿಸುತ್ತಿದ್ದೆವು. ಮೊದಲು ಬಂದದ್ದು ಪ್ಲಾಸ್ಟಿಕ್, ಮತ್ತೆ ಪ್ಲಾಸ್ಟಿಕ್. ಆಮೇಲೆ ಕರಗದೆ ಉಳಿದ ಗಣಪತಿ ಮೂರ್ತಿಗಳು, ಗಾಜೊಡೆದ ದೇವರ ಫೋಟೊಗಳು, ಬಟ್ಟೆಯಲ್ಲಿ ಕಟ್ಟಿ ನೀರಿಗೆ ಒಪ್ಪಿಸಿದ್ದ ಹಳೆಯ ಧರ್ಮಗ್ರಂಥದ ಹಾಳೆಗಳ ಗಂಟುಗಳು. ಕಾಲಿಗೆ ತಾಗದಂತೆ ಅವನ್ನೆಲ್ಲ ಬಿಳಿಯ ಬಟ್ಟೆ ಹಾಸಿ ಒಂದು ಕಡೆ ಇಟ್ಟೆವು. ಯಾರು ಏನನ್ನು ಎಲ್ಲಿ ವಿಸರ್ಜಿಸಬೇಕು ಎಂದು ಹಿರಿಯರು ಒಂದೇ ಮಾತಿನಲ್ಲಿ ತೀರ್ಮಾನಿಸಿದರು. ಟ್ರ್ಯಾಕ್ಟರಿನಲ್ಲಿ ಹೋದ ಕಪ್ಪು ಹೂಳನ್ನು ಊರಾಚೆಯ ರೈತರೊಬ್ಬರು ಹೊಲಕ್ಕೆ ಹಾಕಿಸಿಕೊಂಡರು.

ಐದನೆಯ ಭಾನುವಾರ ಬುಟ್ಟಿಗಳು ಹಠಾತ್ತನೆ ಭಾರವಾದವು. ಹೂಳಿನಡಿಯಿಂದ ಕಲ್ಲು ಬರತೊಡಗಿತು. ಬಾವಿಯ ಗೋಡೆಯೇ ಕುಸಿದಿದೆ ಎಂದು ಗಾಬರಿಯಾಯಿತು. ಕೆಳಗಿದ್ದವರು, "ಗೋಡೆ ಗಟ್ಟಿ ಇದೆ, ಇದು ಹೊರಗಿನಿಂದ ಬಿದ್ದ ಕಲ್ಲು," ಎಂದು ಕೂಗಿ ಹೇಳಿದರು. ನೀರು ಹೊಯ್ದು ತೊಳೆದಾಗ ನಾಲ್ಕೂ ಬದಿ ಕೆತ್ತಿದ ಕೆಂಪು ಜಂಬಿಟ್ಟಿಗೆ, ಮೈಗೆ ಅಂಟಿದ ಸುಣ್ಣದ ಗಚ್ಚು. ನಮ್ಮ ಕಟ್ಟೆಗಳು. ಅಂದು ಒಡೆದ ಅವಶೇಷವನ್ನು ದೂರ ಸಾಗಿಸುವ ಬದಲು ಇಲ್ಲಿಗೇ ಸುರಿದಿದ್ದರು. ಒಂದರ ಹಿಂದೆ ಒಂದು ಮೇಲೆ ಬಂದವು. ಸಂಜೆಯ ಹೊತ್ತಿಗೆ ಹಗ್ಗ ಬಿಗಿದು ಮೇಲೆತ್ತಿದ ಒಂದು ಪರಸಿಯ ತುಂಡಿನ ಮೇಲೆ ನನ್ನ ತಮ್ಮ ಅಂಗೈಯಿಂದ ಕೆಸರು ಸವರಿದ. ಗೆರೆಗಳು ಕಂಡವು. ಮೂರು ಸಾಲು, ಐದು ಅಂಕಣ, ಒಂದು ಅಡ್ಡಗೆರೆಯ ಮನೆ. ಆಚೆ ಮುರಿದ ಅಂಚು. ನಾವಿಬ್ಬರೂ ಮಾತಾಡಲಿಲ್ಲ. ಮುತ್ಯಾ ಹೋಗಿ ಆಗಲೇ ಮೂರು ವರ್ಷವಾಗಿತ್ತು. ಚಾಚಾ ಬಂದು ಆ ತುಂಡಿನ ಮೇಲೆ ಕೈ ಇಟ್ಟು ಬಹಳ ಹೊತ್ತು ಹಾಗೇ ಕೂತಿದ್ದರು.

ಉಳಿದವರ ಊರು

ಆ ಕಲ್ಲುಗಳಿಂದಲೇ ಬಾವಿಯ ಸುತ್ತ ಕಟ್ಟೆ ಕಟ್ಟಿದೆವು. ಮನೆಗಳ ಮುಂದೆ ಮತ್ತೆ ಕಟ್ಟುವಂತಿರಲಿಲ್ಲ, ಬಾವಿಯ ಸುತ್ತ ಜಾಗವಿತ್ತು. ಸಿಮೆಂಟು ಹಾಕಿದರೆ ಜಂಬಿಟ್ಟಿಗೆ ಉಸಿರಾಡುವುದಿಲ್ಲ, ಒಳಗೆ ತೇವ ನಿಂತು ಪುಡಿಯಾಗುತ್ತದೆ, ಸುಣ್ಣವೇ ಬೇಕು ಎಂದು ಹಳೆಯ ಗೌಂಡಿಯೊಬ್ಬರು ಹಠ ಹಿಡಿದರು. ಸುಣ್ಣ ನೆನೆಯಲು ಬಿಟ್ಟ ವಾರಗಳಲ್ಲಿ ಕೆಲವರಿಗೆ ತಾಳ್ಮೆ ತಪ್ಪಿತು, ಒಂದಿಬ್ಬರು ಜಗಳವಾಡಿ ಬರುವುದನ್ನೇ ಬಿಟ್ಟರು. ಗೌಂಡಿಯವರ ಮಾತೇ ನಿಂತಿತು. ಆ ಮಳೆಗಾಲದ ಕೊನೆಗೆ ಜೋರು ಮಳೆ ಬಂತು. ಬಾವಿಯ ಒಳಗೋಡೆ ಬೆವರಿದ ಹಾಗೆ ಜಿನುಗಿ ಜಿನುಗಿ, ದಸರೆಯ ಹೊತ್ತಿಗೆ ಹತ್ತು ಅಡಿ ನೀರು ನಿಂತಿತು. ಕುಡಿಯಲು ಅದನ್ನು ಬಳಸುವುದಿಲ್ಲ. ಬಟ್ಟೆಗೆ, ಪಾತ್ರೆಗೆ, ಮನೆ ರಿಪೇರಿಗೆ ಸಾಕು. ಟ್ಯಾಂಕರಿನ ಸಾಲು ನಮ್ಮ ಓಣಿಯಲ್ಲಿ ಮತ್ತೆ ಅಷ್ಟು ಉದ್ದ ಬೆಳೆಯಲಿಲ್ಲ.

ಕೂರುವ ಜಾಗ ಬಂದ ಮೇಲೆ ಉಳಿದ ಮಾತುಗಳು ಅಲ್ಲಿಂದ ಹುಟ್ಟಿದವು. ಸೋರುವ ಮಾಳಿಗೆಗೆ ಅರ್ಜಿ ಬರೆದುಕೊಟ್ಟದ್ದು ಅಲ್ಲಿ, ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು. ಅದೇ ಹುಡುಗಿ ಈಗ ರಜೆಯ ದಿನಗಳಲ್ಲಿ ಹೊರಗಿನವರನ್ನು ಓಣಿಗಳಲ್ಲಿ ನಡೆಸಿಕೊಂಡು ಹೋಗುತ್ತಾಳೆ. ಚೌಬಾರದಿಂದ ಹೊರಟು, ಪೈಲ್ವಾನರು ಮೈ ಹುರಿಗೊಳಿಸುತ್ತಿದ್ದ ಸಿದ್ದಿಕ್ ಶಾಹ ತಾಲೀಮಿನ ಮುಂದೆ ನಿಂತು, ಬಿದ್ರಿ ಕಾರ್ಖಾನೆಯ ಹೊಸ್ತಿಲಿಗೆ ಕರೆತಂದು, ಕೊನೆಗೆ ಮದರಸಾ. ಅಹಮದಾಬಾದಿನಲ್ಲಿ ಇಂಥ ನಡಿಗೆ 1997ರಲ್ಲಿ ಶುರುವಾಯಿತು, ಇಪ್ಪತ್ತು ವರ್ಷಗಳ ಮೇಲೆ ಆ ಹಳೆಯ ನಗರ ವಿಶ್ವ ಪರಂಪರೆಯ ಪಟ್ಟಿ ಸೇರಿತು ಎಂದು ಅವಳು ಓದಿ ತಿಳಿದುಕೊಂಡಿದ್ದಾಳೆ. ಅವಳ ಕಣ್ಣಿನ ಹೊಳಪು ಕಂಡಾಗ ನನಗೂ ಆಸೆ ಹುಟ್ಟುತ್ತದೆ. ಒಂದು ವಿಷಯದಲ್ಲಿ ಮಾತ್ರ ನನಗೆ ಹೆದರಿಕೆ. ಗೋಡೆಗಳಿಗೆ ಚಿತ್ರ ಬರೆಸೋಣ, ಅಲಂಕಾರದ ದೀಪದ ಕಂಬ ನಿಲ್ಲಿಸೋಣ, ಮುಂಭಾಗವನ್ನೆಲ್ಲ ಒಂದೇ ಬಣ್ಣ ಮಾಡೋಣ ಎಂದು ಬರುವವರು ಹೆಚ್ಚುತ್ತಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ಆದರೆ ಚಂದವಾದ ಓಣಿಯಲ್ಲಿ ಬಾಡಿಗೆ ಏರುತ್ತದೆ, ಬಾಡಿಗೆ ಏರಿದರೆ ಮೊದಲು ಹೋಗುವವರು ಉಳಿ ಹಿಡಿದು ಕೂತವರು. ಬಿದ್ರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು, 2023ರಲ್ಲಿ ನಮ್ಮ ಊರಿನ ಶಾಹ್ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು, ಅಂದು ಇಡೀ ಬೀದರ್ ತಲೆ ಎತ್ತಿ ನಡೆಯಿತು. ಅದೇ ವರ್ಷ ನಮ್ಮ ಚಾಚಾನ ಮೊಮ್ಮಗ ಉಳಿ ಬಿಟ್ಟು ಆಟೊ ಹಿಡಿದ. ಕುಟುಂಬ ಸಾಕಬೇಕು, ಅವನದು ತಪ್ಪಲ್ಲ. ಆ ಹುಡುಗ ಓಣಿಯಲ್ಲೇ ಕೂತು ದುಡಿದು ಮಕ್ಕಳನ್ನು ಓದಿಸುವಂತಾಗುವವರೆಗೆ ನಾನು ಈ ಊರು ಎದ್ದಿದೆ ಎಂದು ಒಪ್ಪುವುದಿಲ್ಲ.

ನಮ್ಮ ಪಕ್ಕದ ಮನೆಯನ್ನು ಎರಡು ವರ್ಷದ ಹಿಂದೆ ಮಾರಿದರು. ತೇಗದ ಕಂಬಗಳು, ಕೆತ್ತಿದ ಬಾಗಿಲು, ಒಳಗೆ ಪುಟ್ಟ ಅಂಗಳ. ಬಾವಿಗೆ ಎಲ್ಲರಿಗಿಂತ ಹೆಚ್ಚು ಬುಟ್ಟಿ ಎತ್ತಿದವರು ಆ ಮನೆಯ ಕಾಕಾ. ಇಬ್ಬರು ಹೆಣ್ಣುಮಕ್ಕಳ ಮದುವೆ, ಕಾಕಿಯ ಡಯಾಲಿಸಿಸ್. ಕಂಬಗಳನ್ನು ಬಿಚ್ಚಿ ಲಾರಿಗೆ ಹಾಕಿದ ದಿನ ಕಾಕಾ ಬಾವಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಅವರ ಪಕ್ಕ ಓಣಿಯವರು ಒಬ್ಬೊಬ್ಬರಾಗಿ ಬಂದು ಕೂತರು. ಮನೆಯನ್ನು ಉಳಿಸಲು ನಮ್ಮ ಕೈಯಲ್ಲಿ ಆಗಲಿಲ್ಲ. ಮುತ್ಯಾನ ಹಾಗೆ ಅವರು ಕುರ್ಚಿ ಎತ್ತಿಕೊಂಡು ಒಬ್ಬರೇ ಒಳಗೆ ಹೋಗಬೇಕಾಗಲಿಲ್ಲ ಎಂಬುದಷ್ಟೇ. ಈಗ ಅವರು ಹೊಸ ಬಡಾವಣೆಯಲ್ಲಿದ್ದಾರೆ, ಸಂಜೆ ಸಿಟಿ ಬಸ್ ಹಿಡಿದು ಇಲ್ಲಿಗೆ ಬಂದು ಕೂತು ಹೋಗುತ್ತಾರೆ.

ಅರ್ಧ ಮುರಿದ ಆ ಪರಸಿಯನ್ನು ಬಾವಿಯ ಕಟ್ಟೆಯ ಮೂಡಣ ಮೂಲೆಗೆ ಕೂರಿಸಿದ್ದೇವೆ. ಇಲ್ಲದ ಎರಡು ಸಾಲುಗಳನ್ನು ಮಕ್ಕಳು ಪಕ್ಕದ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆದುಕೊಂಡು ಆಡುತ್ತಾರೆ. ಮಳೆ ಬಂದರೆ ಅಳಿಸಿಹೋಗುತ್ತದೆ, ಮತ್ತೆ ಬರೆಯುತ್ತಾರೆ. ಇನ್ನರ್ಧ ಕೆಳಗೇ ಇರಬೇಕು, ಆಗ ಒಂದು ಆಳಿನ ಹೂಳು ಉಳಿದುಬಿಟ್ಟಿತ್ತು. ಬರುವ ಏಪ್ರಿಲ್‌ನಲ್ಲಿ ನೀರು ತಳ ಮುಟ್ಟಿದಾಗ ಇಳಿಯೋಣ ಎಂದು ಮೊನ್ನೆ ಮಾತಾಯಿತು. ಹಳೆಯ ಹಗ್ಗ ಜಿಬುರು ಜಿಬುರಾಗಿದೆ. ಶನಿವಾರ ತಮ್ಮನ ಜೊತೆ ಉಸ್ಮಾನ್‌ಗಂಜಿಗೆ ಹೋಗಿ ಹೊಸದು ತರಬೇಕು.